ಐದೂಕಾಲರ ಬಸ್ಸಿಗೆ ಬರೆದ ವರದಿ

ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತು ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಅರ್ಧ ಅಡುಗೆಯದು, ಅರ್ಧ ಔಷಧಿಯದು. ಪುಸ್ತಕಗಳ ಬೆನ್ನಿಗೆ ಹಚ್ಚುವ ಅಂಟು ಅದು. ಮೈಲುತುತ್ತು ಬಿದ್ದರೆ ಹುಳ ಹತ್ತುವುದಿಲ್ಲ. ಕಳೆದ ತಿಂಗಳು ನಾನು ಕೆಲಸ ಮಾಡುವ ಪತ್ರಿಕೆಯ ಕಚೇರಿಯಲ್ಲಿ ಹಳೆಯ ಸಂಚಿಕೆಗಳಿಗೆ ರಟ್ಟು ಕಟ್ಟಿಸುತ್ತಿದ್ದರು. ಮೆಟ್ಟಿಲು ಹತ್ತುವಾಗ ಆ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಪ್ರೂಫನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತೆ. ತೀರ್ಥಹಳ್ಳಿಯ ನಮ್ಮ ಅಡುಗೆಮನೆಯಲ್ಲಿ ಹಾಲು ಕಾಯುತ್ತಿದ್ದ ಒಲೆಯ ಪಕ್ಕದ ಒಲೆಯಲ್ಲಿ ಈ ಅಂಟು ಕುದಿಯುತ್ತಿತ್ತು, ಸೌಟು ಹಿಡಿದು ತಿರುವುತ್ತಿದ್ದವಳು ಗಿರಿಜತ್ತೆ. ಸಾರಿನ ಸೌಟು ಬೇರೆ, ಅಂಟಿನ ಸೌಟು ಬೇರೆ. ಅಂಟಿನ ಸೌಟಿನ ಹಿಡಿಗೆ ಅವಳು ನೀಲಿ ಬಟ್ಟೆ ಸುತ್ತಿಟ್ಟಿದ್ದಳು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಊರಿನ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕರು. ಹೆಂಚಿನ ಬಾಡಿಗೆ ಕಟ್ಟಡದ ಮುಂಭಾಗ ಗ್ರಂಥಾಲಯ, ಹಿಂದಿನ ಎರಡು ಕೋಣೆ ಮತ್ತು ಅಡುಗೆಮನೆ ನಮ್ಮ ಸಂಸಾರ. ನಡುವೆ ಇದ್ದದ್ದು ಒಂದು ಮರದ ಬಾಗಿಲು ಮಾತ್ರ. ಹಾಗಾಗಿ ನಮ್ಮ ಮನೆಗೆ ಗ್ರಂಥಾಲಯದ ನಿಯಮಗಳೆಲ್ಲ ಅನ್ವಯವಾಗುತ್ತಿದ್ದವು. ಓದುಗರು ಕೂತಿರುವಾಗ ರುಬ್ಬುವಂತಿಲ್ಲ, ಕುಟ್ಟುವಂತಿಲ್ಲ, ಒಗ್ಗರಣೆಗೆ ಸಾಸಿವೆ ಸಿಡಿಯುವ ಮೊದಲೇ ಮುಚ್ಚಳ ಮುಚ್ಚಬೇಕು. ಅಮ್ಮ ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಮನೆ ನಡೆಸುತ್ತಿದ್ದವಳು ಅಪ್ಪನ ಅಕ್ಕ ಗಿರಿಜತ್ತೆ. ನಗರ ಎಂಬ ಊರಿನ ಹತ್ತಿರದ ಒಂದು ಮನೆಗೆ ಅವಳನ್ನು ಕೊಟ್ಟಿದ್ದರು. ಮದುವೆಯಾಗಿ ಐದು ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ನಾಲ್ಕು ದಿನ ತಮ್ಮನ ಮನೆಗೆ ಹೋಗಿದ್ದು ಬಾ ಎಂದು ಕಳಿಸಿದವರು ಮತ್ತೆ ಕರೆಸಿಕೊಳ್ಳಲಿಲ್ಲ. ಆ ಮನೆಯನ್ನು ಅವಳು ಬೈದದ್ದನ್ನು ನಾನು ಕೇಳಿಲ್ಲ. ಆದರೆ ಅತ್ತ ಕಡೆಯವರು ಯಾರಾದರೂ ಪೇಟೆಗೆ ಬಂದಿದ್ದಾರೆಂದು ತಿಳಿದರೆ ಸೀರೆ ಬದಲಿಸಿ ಮುಂಬಾಗಿಲಲ್ಲಿ ನಿಲ್ಲುತ್ತಿದ್ದಳು.

ಅತ್ತೆಗೆ ಓದಲು ಬರುತ್ತಿರಲಿಲ್ಲ. ಸಾವಿರಾರು ಪುಸ್ತಕಗಳ ಧೂಳು ಹೊಡೆದವಳು, ಬಣ್ಣ, ದಪ್ಪ, ರಟ್ಟಿನ ಗುರುತಿನ ಮೇಲೆ ಯಾವ ಪುಸ್ತಕ ಯಾವ ಕಪಾಟಿನದೆಂದು ಹೇಳುತ್ತಿದ್ದಳು. ಹಾಡುಗಳು ಮಾತ್ರ ಅವಳಲ್ಲಿ ಲೆಕ್ಕವಿಲ್ಲದಷ್ಟಿದ್ದವು. ಮೇಳಿಗೆಯ ತವರಿನಲ್ಲಿ ಸಸಿ ನೆಡುವ ನೆಟ್ಟಿ ಗದ್ದೆಯಲ್ಲಿ, ಮದುವೆ ಮನೆಗಳಲ್ಲಿ ಕಲಿತವು. ಬೆಳಿಗ್ಗೆ ಗ್ರಂಥಾಲಯ ತೆರೆಯುವ ಮೊದಲು ರುಬ್ಬುಗಲ್ಲಿನ ಮುಂದೆ ಕೂತು, ಕಲ್ಲಿನ ಸದ್ದಿಗಿಂತ ಒಂದು ಎಳೆ ಕೆಳಗಿನ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಪದಗಳು ನಮಗೆ ಕೇಳಿಸುತ್ತಿರಲಿಲ್ಲ. ಕೇಳಿಸಿಕೊಳ್ಳಬೇಕೆಂದು ನಾನು ಹತ್ತಿರ ಹೋದವಳೂ ಅಲ್ಲ.

ನೀವೂ ಅಂಥ ಊರಿನಲ್ಲಿ ಬೆಳೆದವರಾದರೆ ಗ್ರಂಥಾಲಯದ ಶನಿವಾರಗಳು ನೆನಪಿರಬಹುದು. ತಿಂಗಳಿಗೊಮ್ಮೆ ಅಪ್ಪ ಓದುವ ಕೋಣೆಯ ಉದ್ದನೆಯ ಮೇಜನ್ನು ಗೋಡೆಗೆ ಸರಿಸಿ ಜಮಖಾನ ಹಾಸಿಸುತ್ತಿದ್ದರು. ಒಂದು ಸಲ ಗಮಕ, ಒಂದು ಸಲ ಭಾವಗೀತೆ, ಒಂದು ಸಲ ಮಕ್ಕಳ ಚಿತ್ರಗಳು. ಒಮ್ಮೆ ಸಾಗರದ ಕಡೆಯ ಹೆಂಗಸರು ಬಂದು ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದಿದ್ದರು. ಆ ಹಲಗೆ ಬಹಳ ಕಾಲ ಪತ್ರಿಕೆಗಳ ಸ್ಟ್ಯಾಂಡಿನ ಮೇಲೆ ತೂಗುತ್ತಿತ್ತು. ಬಂದವರಿಗೆ ಅತ್ತೆ ಒಳಗಿನಿಂದ ಅವಲಕ್ಕಿ, ಕಾಫಿ ಕಳಿಸುತ್ತಿದ್ದಳು. ಕಾರ್ಯಕ್ರಮ ಶುರುವಾಗುವುದು ಐದಕ್ಕೆ. ತೊಡಕು ಇದ್ದದ್ದು ಅಲ್ಲೇ. ಶಿವಮೊಗ್ಗದ ಪತ್ರಿಕೆಗೆ ಸುದ್ದಿಯ ಕವರು ಒಯ್ಯುವ ಬಸ್ಸು ಹೊರಡುತ್ತಿದ್ದದ್ದು ಐದೂಕಾಲಿಗೆ. ಅದು ತಪ್ಪಿದರೆ ಸುದ್ದಿ ಹೋಗುವುದು ಮಾರನೆಯ ದಿನ, ಹಳೆಯದೆಂದು ಅವರು ಹಾಕುತ್ತಿರಲಿಲ್ಲ. ಹಾಗಾಗಿ ಅಪ್ಪ ಒಂದು ಪದ್ಧತಿ ಮಾಡಿಕೊಂಡಿದ್ದರು. ಕಾರ್ಯಕ್ರಮದ ವರದಿಯನ್ನು ಮಧ್ಯಾಹ್ನವೇ, ನಡೆದು ಮುಗಿದಂತೆ ಬರೆದುಬಿಡುವುದು. ನಾನು ಎಂಟನೇ ತರಗತಿಗೆ ಬಂದಾಗ, ಅಕ್ಷರ ಚೆನ್ನಾಗಿದೆ ಎಂದು ಆ ಕೆಲಸ ನನಗೆ ಬಂತು. ‘ಸುಶ್ರಾವ್ಯವಾಗಿ ಹಾಡಿದರು’, ‘ನೆರೆದವರ ಮನ ತಣಿಸಿದರು’, ‘ಸಭೆ ಕಿಕ್ಕಿರಿದಿತ್ತು’. ಹನ್ನೊಂದು ಜನ ಬಂದ ದಿನವೂ ನನ್ನ ಸಭೆ ಕಿಕ್ಕಿರಿದೇ ಇರುತ್ತಿತ್ತು. ವರದಿ ಬರೆದು, ಬಸ್‌ಸ್ಟ್ಯಾಂಡಿಗೆ ಒಯ್ದು ಕಂಡಕ್ಟರ ಕೈಗೆ ಕವರು ಕೊಟ್ಟು ಬರುವುದು ನನಗೆ ಒಂದು ಪದವಿಯಾಗಿತ್ತು.

ಆ ಶನಿವಾರ ಹಾಡಬೇಕಿದ್ದವರು ಹೊಸನಗರದ ಸಂಗೀತದ ಟೀಚರು ಸುಲೋಚನಮ್ಮ. ನಾಲ್ಕಕ್ಕೆ ಬರಬೇಕಿದ್ದ ಅವರ ಬಸ್ಸು ಬಂದಿರಲಿಲ್ಲ. ಐದಕ್ಕೆ ಕಾಲು ಗಂಟೆ ಇರುವಾಗ ನಾನು ಕವರು ಹಿಡಿದು ಹೊರಟೆ. ಗ್ರಂಥಾಲಯದ ಅಟೆಂಡರ್ ಶೇಷಪ್ಪಣ್ಣ ಬಾಗಿಲಲ್ಲಿ ತಡೆದ.

“ಎಂತ ಮಾರಾಯ್ತಿ, ಹಾಡೋರೇ ಬಂದಿಲ್ಲ, ಹಾಡಿದ್ರು ಅಂತ ತಗಂಡು ಹೊಂಟಿದೀಯ?”

“ಬರ್ತಾರೆ ಶೇಷಪ್ಪಣ್ಣ.”

“ಬರ್ದೇ ಇದ್ರೆ? ನೀನೇ ಕೂತು ಹಾಡ್ತೀಯಾ? ಜನ ಎದ್ದು ಹೋಗ್ತಾರೆ ಅಷ್ಟೆ.”

ನಾನು ನಕ್ಕು ಹೋದೆ. ಕವರು ಕೊಟ್ಟೆ, ಬಸ್ಸು ಹೊರಟಿತು. ಅಲ್ಲಿಂದ ಹಿಂತಿರುಗಿದ್ದರೆ ಐದೂವರೆಗೆ ಮನೆಯಲ್ಲಿರುತ್ತಿದ್ದೆ. ನಾನು ತರಗತಿಯ ಗೆಳತಿ ನಾಗವೇಣಿಯ ಜೊತೆ ಐಸ್‌ಕ್ಯಾಂಡಿ ತಿನ್ನುತ್ತ ಸೇತುವೆಯ ಮೇಲೆ ನಿಂತೆ. ವರದಿ ಬರೆದಾಗಿದೆ, ಇನ್ನು ಕೇಳುವುದಕ್ಕೇನಿದೆ ಎಂದುಕೊಂಡದ್ದು ಸ್ಪಷ್ಟವಾಗಿ ನೆನಪಿದೆ. ಹೊಳೆಯಲ್ಲಿ ಬಟ್ಟೆ ಒಗೆಯುವವರು ಗಂಟು ಕಟ್ಟಿಕೊಂಡು ಹೋಗುವವರೆಗೂ ಅಲ್ಲೇ ಇದ್ದೆ.

ಮುಂದಿನದು ನಾನು ಕಂಡದ್ದಲ್ಲ. ಅಪ್ಪ ಮತ್ತು ಶೇಷಪ್ಪಣ್ಣ ಹೇಳಿದ್ದು. ಇಬ್ಬರ ಮಾತೂ ಹೊಂದುತ್ತಿದ್ದುದರಿಂದ ಬರೆಯುತ್ತಿದ್ದೇನೆ. ಸುಲೋಚನಮ್ಮನವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಐದೂವರೆಯ ಹೊತ್ತಿಗೆ ಜಮಖಾನದ ಮೇಲಿದ್ದ ಮೂವತ್ತು ಮೂವತ್ತೈದು ಜನ ಆಕಳಿಸತೊಡಗಿದರು. ಶೇಷಪ್ಪಣ್ಣ ಅಪ್ಪನ ಕಿವಿಯಲ್ಲಿ, “ಅಕ್ಕನ್ನ ಕರೀರಿ ಸಾರ್, ದಿನಾ ಬೆಳಿಗ್ಗೆ ಕಲ್ಲಿಗೆ ಹಾಡ್ತಾರಲ್ಲ, ಇವತ್ತು ಜನಕ್ಕೆ ಹಾಡ್ಲಿ” ಎಂದ. ಅಪ್ಪ ಒಳಗೆ ಹೋದರು. ಅತ್ತೆ ಅವಲಕ್ಕಿ ಕಲಸುತ್ತಿದ್ದಳಂತೆ. “ನಿಂಗೆಂತ ತಲೆ ಕೆಟ್ಟಿದ್ಯಾ ತಮ್ಮ” ಎಂದು ಎರಡು ಸಲ ಹೇಳಿ, ಮೂರನೆಯ ಸಲ ಕೈ ತೊಳೆದುಕೊಂಡಳಂತೆ. ಬಾಗಿಲ ಹತ್ತಿರ, ಜಮಖಾನದ ಅಂಚಿನಲ್ಲಿ, ಗೋಡೆಗೆ ಮುಖ ಮಾಡಿ ಕೂತಳು. ಜನರ ಕಡೆ ತಿರುಗು ಎಂದರೂ ತಿರುಗಲಿಲ್ಲ. ಹಾಗೆಯೇ ಒಂದು ಗಂಟೆ ಹಾಡಿದಳು. ಮುಗಿದ ಮೇಲೆ ಯಾರೂ ಏಳಲಿಲ್ಲ ಎಂದು ಅಪ್ಪ ಹೇಳಿದರು. ಅಪ್ಪ ಉತ್ಪ್ರೇಕ್ಷೆ ಮಾಡುವವರಲ್ಲ. ನಾನು ಬಂದು ಓದುವ ಕೋಣೆ ದಾಟಿ ಒಳಗೆ ಹೋಗುವಾಗ ಜಮಖಾನ ಸುತ್ತಿಯಾಗಿತ್ತು. ಅತ್ತೆ ಲೋಟಗಳನ್ನು ತೊಳೆಯುತ್ತಿದ್ದಳು, ಮುಖ ಕೆಂಪಗಾಗಿತ್ತು. ನನ್ನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಪತ್ರಿಕೆ ಬಂತು. ನನ್ನ ವರದಿ ಒಂದಕ್ಷರವೂ ಕತ್ತರಿಸದೆ ಅಚ್ಚಾಗಿತ್ತು, ಅದೇ ಮೊದಲ ಸಲ. ಸುಲೋಚನಮ್ಮನವರು ಸುಶ್ರಾವ್ಯವಾಗಿ ಹಾಡಿ ನೆರೆದವರ ಮನ ತಣಿಸಿದ್ದರು. ಅಪ್ಪ ಓದಿ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು. “ನಾಳೆ ಬಸ್ಸಿಗೆ ತಿದ್ದುಪಡಿ ಕಳಿಸು. ಅಕ್ಕನ ಹೆಸರು ಸರಿಯಾಗಿ ಬರಿ” ಎಂದು ಒಳಗೆ ಅತ್ತೆಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿ ಸ್ನಾನಕ್ಕೆ ಹೋದರು. ಆಗ ಅತ್ತೆ ಅಡುಗೆಮನೆಯಿಂದ ಬಂದು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತಳು.

“ನಿನ್ನೇದು ಬಂದಿದ್ಯಾ ಮಗಾ? ಓದು ಕಾಣ್ವ.”

ಒದ್ದೆ ಕೈ ಪತ್ರಿಕೆಗೆ ತಾಗದಂತೆ ಅವಳು ಹಿಂದೆ ಕಟ್ಟಿಕೊಂಡಿದ್ದಳು. ನಾನು ಓದಿದೆ. ‘ಶ್ರೀಮತಿ ಗಿರಿಜಮ್ಮನವರು ಸುಶ್ರಾವ್ಯವಾಗಿ ಹಾಡಿ ನೆರೆದವರ ಮನ ತಣಿಸಿದರು.’

“ಶ್ರೀಮತಿ ಅಂತ ಹಾಕಿದಾರಾ?”

“ಹೂಂ ಅತ್ತೆ.”

“ಅವ್ರಿಗೆಂತ ಗೊತ್ತು, ಪಾಪ” ಎಂದು ನಕ್ಕು, “ಇನ್ನೊಂದ್ಸಲ ಓದು” ಎಂದಳು. ಮತ್ತೆ ಹಾಗೆಯೇ ಓದಿದೆ. ಎರಡನೆಯ ಸಲ ದನಿ ನಡುಗಲೂ ಇಲ್ಲ.

ಕರುಣೆಯಿಂದ ಹಾಗೆ ಓದಿದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ತಿದ್ದುಪಡಿ ಹೇಗೂ ಬರುತ್ತದೆ, ಅಷ್ಟರವರೆಗೆ ಈ ಸುಳ್ಳು ನಡೆಯುತ್ತದೆ ಎಂದುಕೊಂಡಿದ್ದೆ. ಸೋಮವಾರ ತಿದ್ದುಪಡಿ ಬರೆಯಲು ಕೂತಾಗ, ಅದನ್ನು ಕಳಿಸಿದರೆ ನಾವು ಮೊದಲೇ ಬರೆದಿಡುತ್ತೇವೆಂಬುದು ಪತ್ರಿಕೆಯವರಿಗೆ ತಿಳಿಯುತ್ತದೆ, ಇನ್ನು ಮುಂದೆ ನನ್ನ ವರದಿ ಹಾಕುವುದಿಲ್ಲ ಎಂಬ ಭಯ ಹುಟ್ಟಿತು. ಖಾಲಿ ಕೈಯಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದೆ. ಕಳಿಸಿದೆ ಎಂದು ಅಪ್ಪನಿಗೆ ಹೇಳಿದೆ. ವಾರ ಕಳೆದರೂ ತಿದ್ದುಪಡಿ ಬರದಾಗ, “ಸಣ್ಣ ಊರಿನೋರ ಮಾತು ಅವ್ರಿಗೆ ಎಲ್ಲಿ ಬೇಕು” ಎಂದು ಅಪ್ಪ ನನ್ನ ಹತ್ತಿರ ಪತ್ರಿಕೆಯವರನ್ನೇ ದೂರಿದರು. ನಾನು ತಲೆಯಾಡಿಸಿದೆ.

ಗ್ರಂಥಾಲಯದ ಪತ್ರಿಕೆಯನ್ನು ಕತ್ತರಿಸಬಾರದು ಎಂಬುದು ಅತ್ತೆಗೆ ಗೊತ್ತಿತ್ತು. ಎರಡು ತಿಂಗಳು ಕಡತದಲ್ಲಿದ್ದು ಆಮೇಲೆ ರದ್ದಿಗೆ ಹೋಗುವುದೂ ಗೊತ್ತಿತ್ತು. ಅವಳು ಆ ದಿನವೇ ಪತ್ರಿಕೆಯ ಮೂಲೆಗೆ ಪುಸ್ತಕ ಹೊಲಿಯುವ ಕೆಂಪು ದಾರದ ಒಂದು ಎಳೆ ಪೋಣಿಸಿಟ್ಟು, ಎರಡು ತಿಂಗಳು ಕಾದು, ರದ್ದಿಯ ಕಟ್ಟಿನಿಂದ ಅದನ್ನು ಹುಡುಕಿ ತೆಗೆದಳು. ಸುದ್ದಿ ಯಾವ ಮೂಲೆಯಲ್ಲಿದೆ ಎಂದು ನನ್ನನ್ನೇ ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ. ಅವಳು ನಿಧಾನವಾಗಿ ಕತ್ತರಿಸಿ, ಹಿಂದೆ ಕಾರ್ಡಿನ ರಟ್ಟು ಅಂಟಿಸಿ ಟ್ರಂಕಿನಲ್ಲಿಟ್ಟಳು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಹೇಳಲಿಲ್ಲ.

ಆ ವರ್ಷ ನಗರದ ಗಂಡನ ಮನೆಯಿಂದ ಅವಳಿಗೆ ಕರೆ ಬಂತು, ಭಾವನ ಮಗಳ ಮದುವೆಗೆ. ನಾಲ್ಕು ದಿನಕ್ಕೆಂದು ಹೋದ ಅತ್ತೆ ಎರಡೇ ದಿನಕ್ಕೆ ಮರಳಿದಳು. ಏನಾಯಿತೆಂದು ಹೇಳಲಿಲ್ಲ. ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅವಳ ಭಾವನ ಮಗನಿಂದಲೇ. ಅವನಿಗೆ ಅದೊಂದು ತಮಾಷೆಯ ಕಥೆ. ತರಕಾರಿ ಹೆಚ್ಚುತ್ತ ಕೂತ ಹೆಂಗಸರ ನಡುವೆ ಅತ್ತೆ ಆ ರಟ್ಟನ್ನು ತೆಗೆದು ಅವನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಓದು ಎಂದಳಂತೆ. ಅವನು ಓದಿದ. “ಇದ್ರಲ್ಲಿ ನಿಮ್ಮ ಹೆಸ್ರು ಎಲ್ಲಿದೆ ಚಿಕ್ಕಮ್ಮ? ಸುಲೋಚನಮ್ಮ ಅಂತಿದೆ. ನೀವು ಸುಲೋಚನಮ್ಮ ಆಗಿದ್ದು ಯಾವಾಗ?” ಹೆಂಗಸರು ನಕ್ಕರು. “ಗಿರಿಜಂಗೆ ಹೆಸ್ರೂ ಬೇರೆ ಇಟ್ರಾ ತಮ್ಮನ ಮನೇಲಿ” ಎಂದು ಒಬ್ಬಳು ಸೇರಿಸಿದಳು. ಅತ್ತೆ ರಟ್ಟನ್ನು ವಾಪಸು ಇಸಿದುಕೊಂಡು, “ಅವಸರದಲ್ಲಿ ಬೇರೆ ತುಂಡು ತಂದೆ ಕಾಣ್ತದೆ” ಎಂದಳಂತೆ.

ಮರಳಿ ಬಂದ ಮಾರನೆಯ ದಿನ ಅವಳು ಒಲೆಯ ಮುಂದೆ ಕೂತು ನನ್ನನ್ನು ಕರೆದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. “ಮಗಾ, ಪೇಪರ್‌ನೋರು ಹೆಸ್ರು ತಪ್ಪು ಹಾಕಿದಾರಂತೆ. ನೀ ಓದುವಾಗ ಗಮನಿಸ್ಲಿಲ್ಲ ಕಾಣ್ತದೆ.” ಅದು ಪ್ರಶ್ನೆಯಾಗಿರಲಿಲ್ಲ. ನಾನು ತಪ್ಪಿಸಿಕೊಳ್ಳಲೆಂದು ಅವಳೇ ತೆರೆದಿಟ್ಟ ಬಾಗಿಲು. “ಹೌದತ್ತೆ, ಗಮನಿಸ್ಲಿಲ್ಲ” ಎಂದೆ. “ಹೋಗ್ಲಿ ಬಿಡು, ಬೇಜಾರು ಮಾಡ್ಕೋಬೇಡ” ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಆಮೇಲೆ ಬೆಳಗಿನ ಹೊತ್ತು ಕಲ್ಲಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಅಪ್ಪ ಎರಡು ಶನಿವಾರ ಅವಳನ್ನು ಹಾಡಲು ಕೇಳಿದರು. ಗಂಟಲು ಸರಿಯಿಲ್ಲ ಎಂದಳು. ನಾನು ಮುಂದಿನ ತಿಂಗಳ ವರದಿಯನ್ನೂ ಮಧ್ಯಾಹ್ನವೇ ಬರೆದೆ.

ಎಂಬತ್ತರ ದಶಕದಲ್ಲಿ ಗ್ರಂಥಾಲಯ ಸ್ವಂತ ಕಟ್ಟಡಕ್ಕೆ ಹೋಯಿತು. ನಾವು ಬಾಡಿಗೆ ಮನೆಗೆ ಹೋದೆವು. ಹೆಂಚಿನ ಕಟ್ಟಡ ಇದ್ದ ಕಡೆ ಈಗ ಅಂಗಡಿಗಳ ಸಾಲು. ಅಪ್ಪ ನಿವೃತ್ತರಾದರು. ನಾನು ಪತ್ರಿಕೆಗೆ ಸೇರಿದೆ. ಮೊದಲ ರಜೆಯಲ್ಲಿ ಮನೆಗೆ ಬಂದಾಗ, ಅತ್ತೆ ಹಾಸಿಗೆ ಹಿಡಿದಿದ್ದಳು. ಅವಳ ಕಾಲು ಒತ್ತುತ್ತ ಧೈರ್ಯ ಮಾಡಿ ಕೇಳಿದೆ. “ಅತ್ತೆ, ಅವತ್ತು ಗ್ರಂಥಾಲಯದಲ್ಲಿ ಎಂತ ಹಾಡಿದ್ದು ನೀನು?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಎಂತ ಹಂಗೆ ಕೇಳ್ತೀಯ? ನೀ ಅಲ್ಲೇ ಇದ್ಯಲ್ಲ ಮಗಾ. ನೀ ಕೇಳಿ ಬರೆದದ್ದಲ್ವಾ?”

ಅಷ್ಟು ವರ್ಷ ಅವಳು ಹಾಗೆ ತಿಳಿದುಕೊಂಡಿದ್ದಳು. ವರದಿ ಮಧ್ಯಾಹ್ನವೇ ಬರೆದಾಗಿರುತ್ತದೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಗೋಡೆಗೆ ಮುಖ ಮಾಡಿ ಕೂತವಳಿಗೆ ಬೆನ್ನ ಹಿಂದೆ ಯಾರಿದ್ದರು ಎಂದು ತಿಳಿಯುವುದು ಹೇಗೆ? ಜನರ ನಡುವೆ ಎಲ್ಲೋ ನಾನು ಕೂತು ಬರೆದುಕೊಳ್ಳುತ್ತಿದ್ದೇನೆ ಎಂದುಕೊಂಡೇ ಅವಳು ಆ ಒಂದು ಗಂಟೆ ಹಾಡಿದ್ದಳು. ನಾನು ಕಾಲು ಒತ್ತುವುದನ್ನು ಮುಂದುವರಿಸಿದೆ. ಆ ಮಳೆಗಾಲ ಕಳೆಯುವ ಮೊದಲೇ ಅವಳು ಹೋದಳು.

ಕಣ್ಣಾರೆ ಕಾಣದ್ದನ್ನು ಬರೆಯಬೇಡಿ ಎಂದು ಹೊಸದಾಗಿ ಬಂದ ವರದಿಗಾರರಿಗೆ ಹೇಳುತ್ತೇನೆ. ಅವರು ಅದನ್ನು ಕಚೇರಿಯ ನಿಯಮ ಎಂದುಕೊಳ್ಳುತ್ತಾರೆ. ತಿದ್ದುಪಡಿಯನ್ನು ಎಷ್ಟೋ ಸಲ ಬರೆಯಲು ಕೂತಿದ್ದೇನೆ. ಊರು, ಸ್ಥಳ, ವಾರ, ಹೊತ್ತು ಬರೆಯುತ್ತೇನೆ. ಮೇಳಿಗೆಯ ಗಿರಿಜಮ್ಮನವರು ಹಾಡಿದರು ಎಂದು ಬರೆಯುತ್ತೇನೆ. ಯಾವ ಹಾಡು, ಯಾವ ದನಿ, ಎಲ್ಲಿ ನಿಲ್ಲಿಸಿದರು, ಎಲ್ಲಿ ಮತ್ತೆ ಎತ್ತಿಕೊಂಡರು, ಒಂದೂ ಬರೆಯಲಾರೆ. ಬಲ್ಲವರಲ್ಲಿ ಅಪ್ಪ ಇಲ್ಲ, ಶೇಷಪ್ಪಣ್ಣ ಇಲ್ಲ. ನಾನು ಅಲ್ಲಿರಲಿಲ್ಲ.