ಮಾತಿನ ಅಂಚು

ನಮ್ಮ ಬೀದಿಯ ಟೈಲರಕ್ಕ ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಹೊಲಿದದ್ದನ್ನು ಸರಿಮಾಡಿಕೊಡುವುದೇ ಅವಳ ಕಸುಬು. ಹೊಟ್ಟೆ ಬಂದವರ ಪ್ಯಾಂಟಿನ ಸೊಂಟ ಸಡಿಲಿಸುವುದು, ಅಣ್ಣನ ಅಂಗಿಯನ್ನು ತಮ್ಮನ ಮೈಗೆ ಇಳಿಸುವುದು, ಬೆಳೆಯುವ ಹುಡುಗಿಯರ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡುವುದು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಅದರ ಹಿಂದೆ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದಲ್ಲಿ ಬೀದಿಯವರ ಬಟ್ಟೆಗಳೆಲ್ಲ ತೂಗಾಡುತ್ತಿದ್ದವು. "ಬಟ್ಟೆ ಕೆಟ್ಟದ್ದಲ್ಲ, ಅಳತೆ ತಪ್ಪಿದೆ ಅಷ್ಟೆ" ಎನ್ನುವುದು ಅವಳು ಗಿರಾಕಿಗಳಿಗೆ ಸದಾ ಹೇಳುತ್ತಿದ್ದ ಮಾತು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ನನ್ನ ಅಳತೆಗೆ ಯಾರೂ ಸಿಗಲಿಲ್ಲ. ಸಿಕ್ಕವರನ್ನ ಆಲ್ಟರ್ ಮಾಡೋಕೆ ಅವರಮ್ಮಂದಿರು ಬಿಡಲಿಲ್ಲ" ಎಂದು ನಗಿಸಿ ಕಳಿಸುತ್ತಿದ್ದಳು.

ಅವಳ ಜೊತೆಗಿದ್ದದ್ದು ತಂಗಿಯ ಮಗಳು. ಗಂಡ ತೀರಿಕೊಂಡ ಮೇಲೆ ತಂಗಿ ದೂರದ ಪಟ್ಟಣದ ಮನೆಯೊಂದಕ್ಕೆ, ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿದ್ದಳು. ಆಗ ಮಗುವಿಗೆ ಇನ್ನೂ ಶಾಲೆಯ ವಯಸ್ಸಾಗಿರಲಿಲ್ಲ. ಈಗ ಅದು ಮೂರನೆಯ ತರಗತಿಯಲ್ಲಿತ್ತು. ತಂಗಿ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು. "ಅಕ್ಕ, ಫ್ರಾಕು ಬಿಚ್ಚಿದೆಯಾ?" ಬಿಚ್ಚಿದ್ದರೆ ಟೈಲರಕ್ಕ, "ಹೂಂ, ಎರಡು ಬೆರಳು" ಎನ್ನುತ್ತಿದ್ದಳು. ಕಣ್ಣಿಗೆ ಕಾಣದ ಮಗಳು ಬೆರಳಿನ ಲೆಕ್ಕದಲ್ಲಿ ಬೆಳೆಯುತ್ತಿದ್ದಳು. ಕೊನೆಗೆ ತಾಯಿ ಮಗಳನ್ನು ಕರೆದು, "ಮುಂದಿನ ತಿಂಗಳು ಬಂದೇಬಿಡ್ತೀನಿ ಪುಟ್ಟಿ" ಎಂದು ಹೇಳಿ ಫೋನ್ ಇಡುತ್ತಿದ್ದಳು.

ನೆರೆಯವರ ಮುಂದೆ ಟೈಲರಕ್ಕನದೂ ಒಂದು ಮಾತಿತ್ತು. "ಅಮ್ಮ ಬಂದು ಕರ್ಕೊಂಡು ಹೋದ್ರೆ ಸಾಕಪ್ಪ. ಇವಳ ಕಾಟದಲ್ಲಿ ಒಂದು ಗುಂಡಿ ಹಾಕೋಕೂ ಪುರುಸೊತ್ತಿಲ್ಲ."

ಹುಡುಗಿ ಸುಳ್ಳು ಹೇಳಲು ಶುರುಮಾಡಿದ್ದಳು. ಅಮ್ಮ ಇರುವ ಮನೆಯೊಳಗೇ ಲಿಫ್ಟ್ ಇದೆಯಂತೆ. ಅಮ್ಮ ನಿನ್ನೆ ಬಂದು ಬೆಳಗಾಗುವಷ್ಟರಲ್ಲಿ ಹೋದಳಂತೆ. ತಲೆಗೆ ಹಾಕಿದ ಕೆಂಪು ಕ್ಲಿಪ್ಪು ಅಮ್ಮ ಕಳಿಸಿದ್ದಂತೆ. ಕ್ಲಿಪ್ಪು ಪಕ್ಕದ ಬೆಂಚಿನ ಹುಡುಗಿಯದು. ಮಕ್ಕಳು ಅವಳಿಗೆ ಸ್ಟೇಷನ್ ಮಾಸ್ಟರ್ ಎಂದು ಹೆಸರಿಟ್ಟರು. ಯಾಕ್ರೋ ಅಂದರೆ, "ದಿನಾ ರೈಲು ಬಿಡ್ತಾಳಲ್ಲ." ಟೈಲರಕ್ಕ ಗದರಿಸಿದಳು, ಗೋಗರೆದಳು, ಒಮ್ಮೆ ಕೈಯನ್ನೂ ಎತ್ತಿದಳು. ರೈಲು ನಿಲ್ಲಲಿಲ್ಲ.

ಒಂದು ಭಾನುವಾರ ಚರ್ಚಿನಲ್ಲಿ ಸ್ತೋತ್ರ ಹೇಳುವ ಹೊತ್ತು. ದೇವರು ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಹುಡುಗಿ ಎದ್ದಳು.

"ನಮ್ಮಮ್ಮ ಬಂದಿದ್ದಾಳೆ. ಪ್ರಯಾಣ ಮಾಡಿ ಸುಸ್ತಾಗಿದೆ, ಮನೇಲಿ ಮಲಗಿದ್ದಾಳೆ. ದೇವರಿಗೆ ಸ್ತೋತ್ರ."

ಸಭೆಯೆಲ್ಲ ಸ್ತೋತ್ರ ಎಂದಿತು. ತಲೆಗಳು ಟೈಲರಕ್ಕನ ಕಡೆ ತಿರುಗಿದವು. ಇಲ್ಲ ಎನ್ನಬೇಕಿತ್ತು. ಆದರೆ ಮಗುವಿನ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಬೆಳಕಿತ್ತು. ಅವಳು ಹೌದೆಂದು ತಲೆಯಾಡಿಸಿಬಿಟ್ಟಳು.

ಮಧ್ಯಾಹ್ನ ಹಾಡಿನ ತಂಡದ ಹೆಂಗಸರು ಹಣ್ಣು ಹಿಡಿದುಕೊಂಡು ಬಾಗಿಲಿಗೆ ಬಂದರು. "ಎಬ್ಬಿಸಬೇಡ ಟೈಲರಕ್ಕ. ಬಾಗಿಲಲ್ಲೇ ನಿಂತು ಮುಖ ನೋಡಿ ಹೋಗ್ತೀವಿ."

ಹುಡುಗಿ ಹಗ್ಗದ ಬಟ್ಟೆಗಳ ಹಿಂದೆ ಅಡಗಿದ್ದಳು. ಕೆಳಗೆ ಎರಡು ಪಾದ ಕಾಣುತ್ತಿದ್ದವು. ಟೈಲರಕ್ಕನ ನಾಲಿಗೆಯ ತುದಿಗೆ ಇನ್ನೊಂದು ಸುಳ್ಳು ಬಂದಿತ್ತು. ಆ ಪಾದಗಳನ್ನು ನೋಡಿ ಅದನ್ನು ನುಂಗಿಕೊಂಡಳು.

"ತಂಗಿ ಬಂದಿಲ್ಲ. ಮಗು ಹೇಳಿದ್ದು ಸುಳ್ಳು. ತಲೆಯಾಡಿಸಿದ್ದು ನನ್ನ ಸುಳ್ಳು."

"ಅಂತೂ ಸ್ಟೇಷನ್ ಮಾಸ್ಟರು ರೈಲನ್ನ ಚರ್ಚಿನೊಳಕ್ಕೂ ನುಗ್ಗಿಸಿದಳು ಅನ್ನು" ಎಂದಳು ಒಬ್ಬಳು.

"ಟಿಕೆಟ್ ಇಲ್ಲದೆ ಹತ್ತಿದವಳು ನಾನೂ ಇದ್ದೀನಲ್ಲ."

ಯಾರೂ ನಗಲಿಲ್ಲ. ಹಣ್ಣನ್ನು ಕೊಡುವುದೋ ವಾಪಸು ಒಯ್ಯುವುದೋ ತಿಳಿಯದೆ ಅವರು ಯಂತ್ರದ ಮೇಲೆ ಇಟ್ಟು ಹೋದರು.

ಸಂಜೆ ಪಾಸ್ಟರ್ ಬಂದರು. ಸ್ಟೂಲು ಎಳೆದುಕೊಂಡು, ತೂಗುವ ಬಟ್ಟೆಗಳಿಗೆ ಮುಖಮಾಡಿ ಕೂತರು. "ಯಾಕಮ್ಮ ಹಾಗೆ ಹೇಳಿದೆ?"

"ನೀವೇ ಹೇಳಿದ್ರಲ್ಲ" ಎಂದಿತು ಬಟ್ಟೆಗಳ ಹಿಂದಿನ ದನಿ. "ಹೋದ ವಾರ. ದೇವರ ಹತ್ರ ಕೇಳಿದ ಮೇಲೆ ಸಿಕ್ಕೇಬಿಡ್ತು ಅಂತ ನಂಬಬೇಕು, ಮೊದಲೇ ಸ್ತೋತ್ರ ಹೇಳಬೇಕು ಅಂತ. ನಾನು ದಿನಾ ಕೇಳ್ತೀನಿ. ಸ್ತೋತ್ರ ಹೇಳಿರಲಿಲ್ಲ. ಅದಕ್ಕೇ ಅಮ್ಮ ಬಂದಿಲ್ಲ ಅನ್ಕೊಂಡೆ."

ಪಾಸ್ಟರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ನಾನು ಅರ್ಧ ಹೇಳಿ ವೇದಿಕೆ ಇಳಿದುಬಿಟ್ಟೆ ನೋಡಮ್ಮ. ನಂಬೋದು ಬೇರೆ, ನಡೆಯದೇ ಇರೋದನ್ನ ನಡೀತು ಅನ್ನೋದು ಬೇರೆ. ನಿನಗೆ ಬೇಕಾಗಿರೋದನ್ನ ದೇವರಿಗೆ ಇದ್ದ ಹಾಗೇ ಹೇಳಬಹುದು. ಅವನು ಮುನಿಸಿಕೊಳ್ಳೋನಲ್ಲ."

"ಹೇಗೆ ಹೇಳೋದು?"

ಟೈಲರಕ್ಕ ಬಟ್ಟೆಗಳನ್ನು ಸರಿಸಿ ಮಗುವಿನ ಪಕ್ಕ ನೆಲದ ಮೇಲೆ ಕೂತಳು. "ಬಟ್ಟೆ ಕೆಟ್ಟದ್ದಲ್ಲ ಪುಟ್ಟಿ, ಅಂಚು ಬಿಚ್ಚಬೇಕು. 'ಅಮ್ಮ ಬಂದಿದ್ದಾಳೆ' ಅಂದೆಯಲ್ಲ, ಆ ಮಾತಿನ ಕೊನೆ ಬಿಚ್ಚಿ ಒಂದು 'ಲಿ' ಹೊಲಿ. ಏನಾಗುತ್ತೆ?"

ಹುಡುಗಿ ಯೋಚಿಸಿದಳು. "ಅಮ್ಮ ಬರಲಿ."

"ಪ್ರಾರ್ಥನೆಯಾಯ್ತು" ಎಂದರು ಪಾಸ್ಟರ್. "ನಾವೆಲ್ಲ ಆಮೆನ್ ಅನ್ನೋದೂ ಅದೇ. ಹಾಗೇ ಆಗಲಿ ಅಂತ. ಅಲ್ಲೂ ನಿಮ್ಮ ದೊಡ್ಡಮ್ಮನ 'ಲಿ' ಇದೆ."

"ಆದರೆ ದೊಡ್ಡಮ್ಮ, ಬರಲಿ ಅಂದ್ರೆ ಬಂದಿಲ್ಲ ಅಂತಾಯ್ತಲ್ಲ."

"ಹೂಂ ಕಂದ. ಬಂದಿಲ್ಲ."

ಅಮ್ಮ ಹೋದಂದಿನಿಂದ ಮಗು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಅಂದು ಯಾರದೋ ಕೋಟಿನ ತೋಳಿಗೆ ಮುಖ ಒತ್ತಿಕೊಂಡು ಅತ್ತಳು. ತೋಳು ಒದ್ದೆಯಾಯಿತು.

ಆಮೇಲೆ ಆ ಮನೆಯಲ್ಲಿ ಸುಳ್ಳುಬುರುಕಿ ಎಂಬ ಬೈಗುಳ ಕೇಳಲಿಲ್ಲ. ರೈಲು ಹೊರಟಾಗ ಟೈಲರಕ್ಕ ಸೂಜಿಯಿಂದ ಕಣ್ಣೆತ್ತದೆ, "ಅಂಚು ನೋಡು" ಎನ್ನುತ್ತಿದ್ದಳು. ಬಟ್ಟೆ ಒಯ್ಯಲು ಬಂದ ಹಾಡಿನ ತಂಡದವರೂ ಅದನ್ನೇ ಕಲಿತರು. ಹುಡುಗಿ ತಡವರಿಸಿ ತಿದ್ದಿಕೊಳ್ಳುತ್ತಿದ್ದಳು. "ಲೆಕ್ಕದಲ್ಲಿ ನಾನೇ ಮೊದಲು ಬಂದೆ... ಬರೋ ಹಾಗಾಗಲಿ." ಒಮ್ಮೆ ಹಾಲು ಕುಡಿದೆ ಎಂದು ಸಿಕ್ಕಿಬಿದ್ದು, "ಕುಡಿಯೋ ಹಾಗಾಗಲಿ" ಎಂದಳು. "ಅದಕ್ಕೆ ದೇವರನ್ನ ಕರೀಬೇಡ, ಲೋಟ ಎತ್ತು" ಎಂದಳು ಟೈಲರಕ್ಕ. ಕ್ಲಿಪ್ಪನ್ನು ಹುಡುಗಿ ತಾನೇ ಹಿಂದಕ್ಕೆ ಕೊಟ್ಟು ಬಂದಳು. ಎಲ್ಲ ದಿನವೂ ಹೀಗಿರಲಿಲ್ಲ. ಕೆಲವು ದಿನ ತಿದ್ದಿಕೊಳ್ಳದೆ, ಮುಖ ಊದಿಸಿಕೊಂಡು ಬಟ್ಟೆಗಳ ಹಿಂದೆ ಹೋಗುತ್ತಿದ್ದಳು. ಟೈಲರಕ್ಕ ಕಾಯುತ್ತಿದ್ದಳು.

ಒಂದು ಶನಿವಾರ ಫೋನ್ ಬಂತು. ಫ್ರಾಕಿನ ಮಾತಾಯಿತು. ಕೊನೆಗೆ ತಂಗಿ ಎಂದಿನಂತೆ, "ಮುಂದಿನ ತಿಂಗಳು ಬಂದೇಬಿಡ್ತೀನಿ ಪುಟ್ಟಿ" ಎಂದಳು.

"ಅಮ್ಮ, ಅಂಚು ನೋಡು."

ಯಂತ್ರ ತುಳಿಯುತ್ತಿದ್ದ ಟೈಲರಕ್ಕನ ಕಾಲು ನಿಂತಿತು.

"ಏನೇ ಹಾಗಂದ್ರೆ?"

"ನಿಜವಾಗ್ಲೂ ಬರ್ತೀಯಾ?"

ಆ ಕಡೆ ಮುದುಕಿ ಕೆಮ್ಮುವುದು ಕೇಳಿಸಿತು. ಆಮೇಲೆ ತಂಗಿಯ ದನಿ ಬಂತು. "ಗೊತ್ತಿಲ್ಲ ಕಂದ. ಈ ಅಜ್ಜಿಗೆ ನನ್ನ ಬಿಟ್ರೆ ಎತ್ತಿ ಕೂರಿಸೋರಿಲ್ಲ. ಪ್ರತಿ ಸಲ ಬರ್ತೀನಿ ಅಂತೀನಿ, ನಿನ್ನ ದನಿ ಕೇಳಿದ್ರೆ ಬೇರೆ ಮಾತು ಬರಲ್ಲ." ಕೊನೆಗೆ, "ಬರೋ ಹಾಗಾಗಲಿ" ಎಂದಳು.

"ಆಮೆನ್" ಎಂದಳು ಹುಡುಗಿ.

ಮರುದಿನ ಸ್ತೋತ್ರದ ಹೊತ್ತಿಗೆ ಅವಳು ಮತ್ತೆ ಎದ್ದು ನಿಂತಳು. ಬಿಚ್ಚಿ ಉದ್ದ ಮಾಡಿದ ಫ್ರಾಕಿನಲ್ಲಿ ಹಳೆಯ ಮಡಿಕೆಯ ಗೆರೆ ಕಾಣುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ನಮ್ಮಮ್ಮ ಬಂದಿಲ್ಲ. ಯಾವಾಗ ಬರ್ತಾಳೋ ಗೊತ್ತಿಲ್ಲ. ಬರಲಿ."

ಸಭೆ ಒಂದೇ ದನಿಯಲ್ಲಿ ಆಮೆನ್ ಎಂದಿತು. ರೈಲಿನ ಮಾತಾಡಿದ್ದ ಹೆಂಗಸಿನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು.

ಟೈಲರಕ್ಕನ ಬಾಯಿಂದ ಮಾತ್ರ ಆಮೆನ್ ಹೊರಡಲಿಲ್ಲ. ತಂಗಿ ಬಂದರೆ ಮಗು ಹೋಗುತ್ತದೆ. ಹಗ್ಗದ ಬಟ್ಟೆಗಳ ಕೆಳಗೆ ಪಾದಗಳಿರುವುದಿಲ್ಲ. ಅಂಚು ಬಿಚ್ಚುವ ಕೈ ಬೇರೆಯಾಗುತ್ತದೆ. ಕರ್ಕೊಂಡು ಹೋದ್ರೆ ಸಾಕಪ್ಪ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದ ಮಾತೂ ಒಂದು ರೈಲೇ ಆಗಿತ್ತು. ಹುಡುಗಿ ಕೂರದೆ, ತಿರುಗಿ ಅವಳನ್ನೇ ನೋಡುತ್ತಿದ್ದಳು.

ಎಲ್ಲರ ಆಮೆನ್ ಮುಗಿದು ಚರ್ಚು ಸುಮ್ಮನಾದ ಮೇಲೆ, ಟೈಲರಕ್ಕ ಮಗುವಿನ ಕಣ್ಣು ನೋಡಿ, ಒಬ್ಬಳೇ, ಆಮೆನ್ ಎಂದಳು.