ಅತ್ತೆಯ ಕೈ ನಿಲ್ಲುವ ಜಾಗ

ಸೊಸೆಗೆ ವಿದ್ಯುತ್ ನಿಯಂತ್ರಣ ಕಚೇರಿಯಲ್ಲಿ ಕೆಲಸ. ಕರೆಂಟು ಮಾರಲು ಹೊಸ ಹೊಸ ಉಪಾಯ ಹೊತ್ತು ಬರುವ ಕಂಪನಿಗಳು ಗ್ರಾಹಕರಿಗೆ ಟೋಪಿ ಹಾಕದಂತೆ ನೋಡಿಕೊಳ್ಳಬೇಕು. ಅವಳ ಪರೀಕ್ಷೆಯ ಕ್ರಮ ಮಾತ್ರ ಕಚೇರಿಯ ಯಾವ ಕೈಪಿಡಿಯಲ್ಲೂ ಇಲ್ಲ. ಸಂಜೆ ಮುಂಗೋಣೆಯಲ್ಲಿ ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುವ ಅತ್ತೆಯ ಎದುರು ಕೂತು ಷರತ್ತುಗಳನ್ನು ಗಟ್ಟಿಯಾಗಿ ಓದುತ್ತಾಳೆ. ಅರ್ಥವಾಗದ ಮಾತು ಬಂದಲ್ಲಿ ಅತ್ತೆಯ ಕೈ ತಾನಾಗಿ ನಿಲ್ಲುತ್ತದೆ, ಅಲ್ಲೇ ಸೊಸೆ ಕೆಂಪು ಗೀಟು ಎಳೆಯುತ್ತಾಳೆ. ಎಂತೆಂಥ ವಕೀಲರು ಬರೆದ ಷರತ್ತುಗಳು ಆ ಮೇಜಿನ ಮುಂದೆ ಮಕಾಡೆ ಮಲಗಿವೆ.

ಈ ಸಲ ಬಂದ ಕಂಪನಿಯದು ಬೆಣ್ಣೆಯಂಥ ಮಾತು. ತಿಂಗಳಿಗೆ ಒಂದೇ ದರ, ಎಷ್ಟು ಬೇಕಾದರೂ ಬಳಸಿ. ಬದಲಿಗೆ, ಊರಿಗೆಲ್ಲ ಕರೆಂಟು ಹೆಚ್ಚು ಬೇಕಾದ ಹೊತ್ತಿನಲ್ಲಿ ಅವರು ಕೂತಲ್ಲಿಂದಲೇ ನಿಮ್ಮ ಮನೆಯ ಯಂತ್ರ ಆರಿಸಬಹುದು. ಕೆಲವು ಬೀದಿಗಳಲ್ಲಿ ಪ್ರಯೋಗ ನಡೆದಿತ್ತು. ಊರಿಗೆಲ್ಲ ಬಿಡಬಹುದೇ ಎಂದು ಮರುದಿನ ಸೊಸೆ ವರದಿ ಕೊಡಬೇಕಿತ್ತು.

ಓದಿದಳು. ಅತ್ತೆಯ ಕೈ ಒಮ್ಮೆಯೂ ನಿಲ್ಲಲಿಲ್ಲ.

“ಎಲ್ಲಾ ಅರ್ಥ ಆಯ್ತಾ ಅತ್ತೆ?”

“ನೀರು ಕುಡಿದಷ್ಟು ಸಲೀಸು,” ಎಂದರು ಅತ್ತೆ, ತಲೆ ಎತ್ತದೆ.

ಸೊಸೆ ಒಪ್ಪಿಗೆ ಬರೆಯಲು ಪೆನ್ನು ತೆಗೆದಳು. ಅಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆಯ ದೀಪ ಆರಿತು. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಅತ್ತೆ ತಣ್ಣಗಾಗುತ್ತಿದ್ದ ಪೆಟ್ಟಿಗೆಯನ್ನೇ ಬಟ್ಟೆಯ ಮೇಲೆ ಗಂಭೀರವಾಗಿ ಉಜ್ಜುತ್ತಿದ್ದರು. ಸಾಕೆಟ್ಟಿಗೆ ಅಂಟಿಕೊಂಡಿದ್ದ ಆ ಕಂಪನಿಯ ಹೊಸ ಬಿಳಿ ಡಬ್ಬಿ ಆಗ ಸೊಸೆಯ ಕಣ್ಣಿಗೆ ಬಿತ್ತು.

“ನೀವೂ ಸೇರಿದ್ರಾ?”

“ಮಾರೋಕೆ ಬಂದವನು ಎಷ್ಟು ವಿನಯವಾಗಿ ಮಾತಾಡ್ದ ಗೊತ್ತಾ. ಅರ್ಥ ಆಗ್ಲಿಲ್ಲ ಅನ್ನೋಕೆ ನಾಚಿಕೆ ಆಯ್ತು. ಈಗ ಬಿಡ್ತೀನಿ ಅಂದ್ರೆ ವರ್ಷ ಆಗ್ಲಿ ಅಂತಾರೆ. ಬಟ್ಟೆ ಹೊತ್ತಿಗೆ ಸಿಗ್ದೆ ಗಿರಾಕಿಗಳು ಪಕ್ಕದ ಬೀದಿ ಹಿಡೀತಿದಾರೆ. ಊರಿಗೆಲ್ಲ ಬುದ್ಧಿ ಹೇಳೋ ನಿನ್ ಹತ್ರ ಹೇಗಮ್ಮ ಹೇಳ್ಲಿ? ಅದಕ್ಕೇ ಇವತ್ತು ಕೈ ನಿಲ್ಲದ ಹಾಗೆ ನೋಡ್ಕೊಂಡೆ.”

ದೀಪದ ಬುಡದಲ್ಲೇ ಕತ್ತಲೆ. ಸೊಸೆ ನಕ್ಕು, ಒಪ್ಪಿಗೆಯ ಹಾಳೆ ಪಕ್ಕಕ್ಕಿಟ್ಟಳು. ತನ್ನ ಮನೆಯೂ ಪ್ರಯೋಗದಲ್ಲಿದೆ ಎಂದು ವರದಿಯ ಮೊದಲ ಸಾಲಿನಲ್ಲೇ ಬರೆದಳು. ಆಮೇಲೆ ತನ್ನ ಸಲಹೆ ಬರೆದು ಓದಿದಳು: “ಹೊಟ್ಟೆಪಾಡಿನ ಯಂತ್ರವನ್ನು ಗ್ರಾಹಕರನ್ನು ಕೇಳದೆ ಆರಿಸಬಾರದು. ಬೇಡವೆಂದವರನ್ನು ಸಮಂಜಸ ಅವಧಿಯೊಳಗೆ ಬಿಡಬೇಕು.”

ತಣ್ಣನೆ ಪೆಟ್ಟಿಗೆ ಹಿಡಿದಿದ್ದ ಕೈ ನಿಂತಿತು.

“ಸಮಂಜಸ ಅಂದ್ರೆ ಯಾರಿಗೆ? ನಂಗೋ, ಅವ್ರಿಗೋ?”

ಸೊಸೆ ತನ್ನ ಸಾಲಿಗೇ ಕೆಂಪು ಗೀಟು ಎಳೆದಳು. ‘ಕೇಳಿದ ದಿನವೇ’ ಎಂದು ತಿದ್ದಿದಳು. ಮೇಲಿನವರು ಅದನ್ನು ಒಪ್ಪಿ ನಿಯಮ ಮಾಡಿದರು.

ಡಬ್ಬಿ ಬಿಚ್ಚಲು ಬಂದವನು ಅದೇ ವಿನಯದ ಮಾರಾಟಗಾರ, ಮೈಮೇಲೆ ಸುಕ್ಕು ಅಂಗಿ. ಅತ್ತೆ ಆ ಅಂಗಿ ಬಿಚ್ಚಿಸಿ, ಅದರ ಮೇಲೆ ಬಿಸಿ ಪೆಟ್ಟಿಗೆ ಒತ್ತುತ್ತಾ, “ಅವತ್ತು ನೀನು ಹೇಳಿದ್ದು ನಂಗೆ ಒಂಚೂರೂ ಅರ್ಥ ಆಗಿರ್ಲಿಲ್ಲಪ್ಪ,” ಎಂದರು.

ಬನಿಯನ್ನಿನಲ್ಲಿ ನಿಂತಿದ್ದವನು ತಲೆ ಕೆರೆದುಕೊಂಡ. “ನಂಗೂ ಆಗಿರ್ಲಿಲ್ಲ ಅಮ್ಮ. ನೀವು ತಲೆ ಆಡಿಸಿದ್ರಲ್ಲ, ನಿಮಗಾದ್ರೂ ಆಗಿದೆ ಅಂದ್ಕೊಂಡೆ.”