ಕುಂಬಳಕಾಯಿಯ ಮೊದಲ ಹೋಳು

ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗುವ ದಿನ ನಾನು ರಜೆ ಹಾಕಿದ್ದೆ. ನಿಜ ಹೇಳಬೇಕೆಂದರೆ ಆ ರಜೆಯನ್ನು ನಾನು ನಿದ್ದೆಗೆಂದು ಇಟ್ಟುಕೊಂಡಿದ್ದೆ. ಮಿರಜದ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವ ಕೆಲಸ ನನ್ನದು. ದಸರೆ ಮುಗಿದ ಮೇಲೆ ಊರಿಗೆ ಊರೇ ಸಕ್ಕರೆ ನೋಡಿಸಿಕೊಳ್ಳಲು ಬರುತ್ತದೆ. ನಸುಕಿನಲ್ಲೇ ಬಾಗಿಲ ಮುಂದೆ ಸಾಲು. ಮನೆಗೆ ಬಂದರೆ ಅಪ್ಪನ ಕೈಕಾಲಿಗೆ ವ್ಯಾಯಾಮ ಮಾಡಿಸುವ ಪಾಳಿ.

ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವಾ ಹೊಡೆದಿತ್ತು. ಕಾಲು ಎಳೆದುಕೊಂಡಾದರೂ ನಡೆಯುವಷ್ಟಕ್ಕೆ ಬಂತು, ಮಾತು ಮುಕ್ಕಾಲು ತಿರುಗಿ ಬಂತು, ಬಲಗೈ ಮಾತ್ರ ಬರಲಿಲ್ಲ. ಅಂದಿನಿಂದ ಅಪ್ಪ, ಅವ್ವ ಇಬ್ಬರೂ ನಮ್ಮೂರು ಮಾಲಗಾಂವ ಬಿಟ್ಟು ಮಿರಜದಲ್ಲಿ ನಮ್ಮ ಜೊತೆಗಿದ್ದರು. ನನ್ನ ಯಜಮಾನರದು ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಅವರು ಮನೆಯಲ್ಲಿ ಇದ್ದರೂ ಮಲಗಿಯೇ ಇರುವವರು. ನನಗೆ ಅಣ್ಣತಮ್ಮಂದಿರಿಲ್ಲ.

ಅಣ್ಣತಮ್ಮಂದಿರಿಲ್ಲ ಎನ್ನುವುದು ಆ ವರ್ಷ ಯಾಕೆ ದೊಡ್ಡದಾಯಿತೆಂದರೆ, ಕುಂಬಳಕಾಯಿಯಿಂದ. ನಮ್ಮಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಕತ್ತಿ ಇಡುವುದಿಲ್ಲ. ಕುಂಬಳಕಾಯಿ ಮನೆಯ ಹಿರಿಮಗ ಇದ್ದಂತೆ ಎನ್ನುತ್ತಾರೆ, ಹೆತ್ತವಳ ಕೈ ಅದನ್ನು ಕಡಿಯಬಾರದಂತೆ. ಮನೆಯ ಗಂಡಸು ಮೊದಲ ಹೋಳು ಮಾಡಬೇಕು, ಆಮೇಲೆ ಹೆಂಗಸರು ಏನು ಬೇಕಾದರೂ ಮಾಡಿಕೊಳ್ಳಲಿ. ಮಿರಜದ ಸಂತೆಯಲ್ಲಿ ಕುಂಬಳಕಾಯಿ ಹೋಳಾಗಿಯೇ ಸಿಗುತ್ತದೆ, ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಹೊಲದಲ್ಲಿ ಏಳುತ್ತದೆ. ಶೀಗಿ ಹುಣ್ಣಿಮೆಯ ದಿನ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಆ ವರ್ಷದ ಮೊದಲ ಕುಂಬಳಕಾಯಿ ಕಡಿದು, ಅಲ್ಲೇ ಮೂರು ಕಲ್ಲಿನ ಒಲೆಯ ಮೇಲೆ ಪಲ್ಯ ಮಾಡಿ ಎಡೆ ಹಿಡಿಯುವುದು ನಮ್ಮ ಪದ್ಧತಿ. ಕಡಿಯುವವನು ಹಿರಿಯ. ಅಜ್ಜ ಹೋದ ಮೇಲೆ ಅಪ್ಪ ಕಡಿಯುತ್ತಿದ್ದ, ಕುಡಗೋಲಿನಿಂದ, ಒಂದೇ ಏಟಿಗೆ.

ಈಗ ಆ ಕೈ ಇಲ್ಲ. ಮುಂದಿನ ಸರದಿ ಕಾಕಾನದು. ಕಾಕಾ ಅಪ್ಪನ ತಮ್ಮ, ಮಾಲಗಾಂವದ ತೋಟವನ್ನು ಈಗ ಅವನೇ ನೋಡುತ್ತಾನೆ. ಒಮ್ಮೆ ಕುಡಗೋಲು ಅವನ ಕೈಗೆ ಹೋದರೆ ತಿರುಗಿ ಬರುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ವಾರದಿಂದ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ. ಅಪ್ಪ ಮಾತ್ರ, ಡಾಕ್ಟರು ಹೇಳಿದರೂ ಮುಟ್ಟದಿದ್ದ ರಬ್ಬರು ಚೆಂಡನ್ನು ಬಲಗೈಯಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಬೆರಳು ಮಡಚುತ್ತಿರಲಿಲ್ಲ, ಚೆಂಡು ಉರುಳಿ ಕಾಟಿನ ಕೆಳಗೆ ಹೋಗುತ್ತಿತ್ತು, ನಾನು ಬಗ್ಗಿ ತೆಗೆದು ಕೊಡುತ್ತಿದ್ದೆ.

ಬೆಳಿಗ್ಗೆ ರಿಕ್ಷಾ ಮಾಡಿಕೊಂಡು ಹೋದೆವು. ಅಪ್ಪ, ಅವ್ವ, ನಾನು, ಐದನೆಯ ಇಯತ್ತೆ ಓದುವ ನನ್ನ ಮಗಳು. ಅವ್ವ ಹಿಂದಿನ ದಿನವೇ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹಿಂಡಿ ಎಲ್ಲ ಮಾಡಿ ಬುಟ್ಟಿ ತುಂಬಿದ್ದಳು. ನಾನು ದಾರಿಯುದ್ದಕ್ಕೂ ತೂಕಡಿಸಿದೆ. ತಲೆ ಬುಟ್ಟಿಗೆ ಬಡಿದಾಗೊಮ್ಮೆ ಎಚ್ಚರ.

ಕಾಕಾ ಬದುವಿನ ಮೇಲೆ ನಿಂತಿದ್ದ. ದ್ರಾಕ್ಷಿಗೆ ಛಾಟಣಿ ನಡೆದಿತ್ತು. ಬಳ್ಳಿ ಕತ್ತರಿಸಿ ತೋಟವೆಲ್ಲ ಬೋಳಾಗಿತ್ತು. ಅವನ ಕಣ್ಣುಗಳೂ ನನ್ನವುಗಳ ಹಾಗೆಯೇ ನಿದ್ದೆಗೆಟ್ಟು ಕೆಂಪಾಗಿದ್ದವು.

“ಬರ್ರಿ ವೈನಿ,” ಎಂದ ಅವ್ವನಿಗೆ. “ಅಣ್ಣಾ, ಸಾವಕಾಶ, ಹಸೀ ಅದ ನೆಲಾ.” ನನ್ನ ಕಡೆ ತಿರುಗಿ, “ಬೀಎಸ್ಸಿಬಾಯಿ, ನೀ ಏನ್ ಸೂಜಿ ತಂದೀ ಏನ್, ಗಿಡಕ್ಕ ಚುಚ್ಚಾಕ?”

“ನಿಮಗ ಚುಚ್ಚಾಕ ತಂದೇನಿ,” ಎಂದೆ. “ಸಕ್ಕರಿ ನೋಡ್ತೇನಿ. ಮಾರಿ ನೋಡಿದ್ರ ಏರೇದ ಅನಸ್ತದ.”

ಬೀಎಸ್ಸಿಬಾಯಿ ಎನ್ನುವುದು ಅವನ ಹಳೆಯ ಚೇಷ್ಟೆ. ನನಗೆ ಅದರಿಂದ ಬೇಸರವಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದೇ ತೋಟದಲ್ಲಿ ನಸುಕಿನಲ್ಲಿ ಛಾಟಣಿಯ ಕಡ್ಡಿ ಆರಿಸಿ, ಕೈ ತೊಳೆದು, ಬಸ್ಸು ಹಿಡಿದು ಕಾಲೇಜಿಗೆ ಹೋದವಳು. ಕನ್ನಡ ಶಾಲೆಯಿಂದ ಹೋಗಿ ಮರಾಠಿ, ಇಂಗ್ಲಿಷು ಎರಡನ್ನೂ ಒಟ್ಟಿಗೆ ನುಂಗಿದವಳು. ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು. ಹಾಗಾಗಿ ಯಾರು ಯಾವ ದನಿಯಲ್ಲಿ ಅಂದರೂ ನನ್ನ ಕಿವಿಗೆ ಅದು ಹಿತವಾಗಿಯೇ ಇರುತ್ತದೆ.

ಮೊದಲು ಸೀತಾಫಲ ಬಿಡಿಸಿದೆವು. ಬದುವಿನ ಮೇಲಿನ ಗಿಡಗಳು ಅವ್ವ ನೆಟ್ಟವು. ಕಣ್ಣು ಬಿಟ್ಟ ಹಣ್ಣು, ಅಂದರೆ ಗಂಟುಗಳ ನಡುವೆ ಬಿಳಿ ಗೆರೆ ಬಿಚ್ಚಿದ ಹಣ್ಣು ಮಾತ್ರ ಕೀಳಬೇಕು. ಮಗಳು ಕೈಗೆ ಸಿಕ್ಕದ್ದನ್ನೆಲ್ಲ ಕಿತ್ತಳು. ಅವ್ವ ಬೈಯುತ್ತ ಅವಳು ಕಿತ್ತ ಕಾಯಿಗಳನ್ನು ಬೇರೆ ಚೀಲಕ್ಕೆ ಹಾಕಿ, “ಅಕ್ಕಿ ಡಬ್ಬ್ಯಾಗ ಹುಗಿ, ಮೆತ್ತಗ ಆದ್ರ ಆತು” ಎಂದಳು. ಮಗಳು ಆಮೇಲೆ ಕುಂಬಳ ಬಳ್ಳಿಯತ್ತ ಬೆರಳು ಚಾಚಿ “ಏಕ್, ದೋನ್, ತೀನ್” ಎಂದು ಎಣಿಸತೊಡಗಿದಳು. ಅವ್ವ ಓಡಿಹೋಗಿ ಬೆರಳು ಹಿಡಿದಳು.

“ಬಟ್ಟು ಮಾಡಿ ತೋರಸಬ್ಯಾಡ, ಎಳೀಕಾಯಿ ಕೊಳೀತಾವ. ಮಡಚಿ ತೋರಸು.”

ಮಗಳು ಬೆರಳು ಮಡಚಿ ಎಣಿಕೆ ಮುಂದುವರಿಸಿದಳು. ಬಳ್ಳಿ ಗೊಬ್ಬರದ ತಿಪ್ಪೆಯ ಮೇಲೆ ಹಬ್ಬಿ ಬೇಲಿಯ ತನಕ ಹೋಗಿತ್ತು. ಕಾಯಿಗಳು ಈ ಸಲ ಬಹಳ ಬಿಟ್ಟಿದ್ದವು. ಸಂಕ್ರಾಂತಿಯ ತನಕ ಅಟ್ಟದ ಮೇಲೆ ಇಡುತ್ತೇನೆ ಎಂದು ಕಾಕಾ ಹೇಳಿದ.

ಪೂಜೆ ಆಯಿತು. ಒಲೆ ಹೊತ್ತಿತು. ಅವ್ವ ಒಂದು ಒಳ್ಳೆಯ ಕಾಯಿ ಆರಿಸಿ ತಂದು, ಅರಿಷಿಣ ಹಚ್ಚಿ, ಕಲ್ಲುಗಳ ಮುಂದೆ ಇಟ್ಟಳು. ಪಕ್ಕದಲ್ಲಿ ಕುಡಗೋಲು.

ಅಪ್ಪ ಎಡಗೈಯಿಂದ ಕುಡಗೋಲು ತೆಗೆದುಕೊಂಡ. ಕುಡಗೋಲು ಹಿಡಿದ ಕೈಯಿಂದಲೇ ಬಲಗೈಯನ್ನು ಎತ್ತಿ ಕಾಯಿಯ ಮೇಲೆ ಇಟ್ಟ. ಅದು ಜಾರಿತು. ಮೊದಲ ಏಟಿಗೆ ಸಿಪ್ಪೆಗೆ ಗೀರು ಮಾತ್ರ ಬಿತ್ತು. ಎರಡನೆಯದಕ್ಕೆ ಕಾಯಿ ಉರುಳಿ ಬೂದಿಗೆ ಹೋಯಿತು. ಮಗಳು ಅದನ್ನು ಎತ್ತಿ ತಂದಳು.

“ಅಣ್ಣಾ, ಕೊಡ್ರಿ ಇಲ್ಲೆ,” ಎಂದ ಕಾಕಾ. ಮೆತ್ತಗೇ ಅಂದ. “ಯಾರ್ ಕಡದ್ರೂ ಪಲ್ಯಾ ಒಂದ. ಆಳು ಕಾಯಾಕತ್ತಾರ ನನ್ನ.”

“ನಾ ಕಡೀತೇನಿ,” ಎಂದೆ ನಾನು. ನನಗೆ ದೊಡ್ಡ ಧೈರ್ಯವೇನೂ ಬಂದಿರಲಿಲ್ಲ. ಬೇಗ ಉಂಡು ಯಾವುದಾದರೂ ನೆರಳಿನಲ್ಲಿ ಒರಗಬೇಕಾಗಿತ್ತು.

“ನೀ ಸುಮ್ಮ ಕುಂದ್ರು,” ಎಂದಳು ಅವ್ವ. “ಸಾಲಿ ಕಲತ ಮ್ಯಾಲ ಎಲ್ಲಾ ನಿನ್ನ ಕೈಲೇ ಆಗಬೇಕೇನು?”

“ಮತ್ತ ಎಲ್ಲಾ ನನ್ನ ಕೈಲೇ ಆಗಾಕತ್ತದಲ್ಲ, ಇದೊಂದ್ ಯಾಕ ಬ್ಯಾಡ?”

ಅಪ್ಪ ನನ್ನನ್ನು ನೋಡಿ, ಕಾಕಾನನ್ನು ನೋಡಿ, ಕುಡಗೋಲು ಕೆಳಗಿಟ್ಟ. ಕಾಕಾನ ಕೈ ಮುಂದೆ ಬಂತು. ಆಗ ಅಪ್ಪ ಒಲೆಯ ಹತ್ತಿರ ಅವ್ವ ಬದನೆಕಾಯಿಗೆಂದು ಇಟ್ಟುಕೊಂಡಿದ್ದ ಈಳಿಗೆಯತ್ತ ಗದ್ದ ಎತ್ತಿದ.

“ಅದನ್ನ ತಾ.”

ಈಳಿಗೆಯ ಮೇಲೆ ನಮ್ಮ ಕಡೆ ಗಂಡಸರು ಕೂರುವುದಿಲ್ಲ. ಮಣೆಗೆ ಅಲಗು ನಿಲ್ಲಿಸಿದ ಸಾಮಾನು ಅದು. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು ಕೂತು, ಕಾಯಿಯನ್ನೇ ಅಲಗಿಗೆ ಒತ್ತಬೇಕು. ಅಡುಗೆಮನೆಯದು, ಹೆಂಗಸರದು. ಅಪ್ಪ ಅದನ್ನು ದಾಟಿ ಹೋದದ್ದು ಕಂಡಿದ್ದೇನೆ, ಮುಟ್ಟಿದ್ದು ಕಂಡಿಲ್ಲ.

“ಅಣ್ಣಾ, ನಾಳೆ ರೊಟ್ಟೀನೂ ಬಡೀರಿ,” ಎಂದ ಕಾಕಾ. ಚೇಷ್ಟೆ ಮಾಡಹೋಗಿ ಅರ್ಧಕ್ಕೆ ಅವನ ದನಿ ಇಳಿಯಿತು.

“ಬಡದ್ರ ನಿನಗ ಮೊದಲ ಹಾಕ್ತೇನಿ, ಬಾ,” ಎಂದ ಅಪ್ಪ. ಇಷ್ಟುದ್ದ ಮಾತು ಅವನಿಂದ ಬೇಸಿಗೆಯ ನಂತರ ನಾನು ಕೇಳಿರಲಿಲ್ಲ.

ಕೂರಿಸುವುದೇ ಒಂದು ಕೆಲಸವಾಯಿತು. ನಾನು ಬಗಲಿಗೆ ಕೈ ಕೊಟ್ಟು ಇಳಿಸಿದೆ. ಲ್ಯಾಬಿನಲ್ಲಿ ಮುದುಕರನ್ನು ಕೂರಿಸುವ ಹಾಗೆಯೇ, ಬೆನ್ನು ಮೊದಲು, ಕಾಲು ಆಮೇಲೆ. ಅವ್ವ ಮಣೆ ಅಲುಗದಂತೆ ತನ್ನ ಪಾದ ಊರಿ ನಿಂತಳು. ಕಡಿಯುವಾಗ ಕೈ ಎಲ್ಲಿ ಕಾಯಿಗೆ ತಾಗೀತೋ ಎಂದು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅಪ್ಪ ಎಡಗೈಯಿಂದ ಕಾಯಿಯನ್ನು ಅಲಗಿನ ತುದಿಗೆ ಏರಿಸಿದ. ಒತ್ತಿದ. ಅಲಗು ಒಳಗೆ ಹೋಗಿ ನಡುವೆ ಸಿಕ್ಕಿಕೊಂಡಿತು. ಅವನ ಕತ್ತಿನ ನರ ಉಬ್ಬಿದವು. ರಕ್ತದೊತ್ತಡ ಏರುತ್ತದೆ ಎಂದು ನನಗೆ ಗೊತ್ತಿತ್ತು, ಬಿಡು ಎನ್ನುವುದು ನನ್ನ ಕೆಲಸವಾಗಿತ್ತು. ಅದರ ಬದಲು ಅವನ ಬೆನ್ನಿಗೆ ಅಂಗೈ ಕೊಟ್ಟು ಹಿಡಿದೆ. ಅವನು ಬಗ್ಗಿ ಎಡ ಮೊಳಕೈಯನ್ನು ಕಾಯಿಯ ಮೇಲೆ ಊರಿ ಮೈಭಾರ ಬಿಟ್ಟ. ಕಾಯಿ ಕರ್ ಎಂದು ಎರಡಾಯಿತು. ಒಳಗೆ ಕೇಸರಿ ಬಣ್ಣ, ಬೀಜ ಜೋತುಬಿದ್ದಿದ್ದವು.

“ಆತು,” ಎಂದಳು ಅವ್ವ. ಸೆರಗಿನಿಂದ ಕೈ ಬಿಚ್ಚಿ ಹೋಳು ಎತ್ತಿಕೊಂಡು ಒಲೆಯತ್ತ ಹೊರಟಳು. ಕಾಕಾ ಎಣ್ಣೆಯ ಬಾಟಲಿ ತೆಗೆದುಕೊಟ್ಟ.

ನಾನು ಅಪ್ಪನನ್ನು ಎಬ್ಬಿಸಲು ಬಗ್ಗಿದೆ. ಅವನು ಏಳಲಿಲ್ಲ.

“ಇನ್ನೊಂದ್ ತಾ.”

“ಪಲ್ಯಾಕ ಒಂದ ಸಾಕಲ್ಲ ಅಪ್ಪಾ.”

“ತಾ ಅಂದೆ.”

ಮಗಳು ತಂದಳು. ಅದನ್ನೂ ಎರಡು ಮಾಡಿದ. ಈ ಸಲ ಬೇಗ ಆಯಿತು, ಮೊಳಕೈ ಎಲ್ಲಿ ಊರಬೇಕು ಎಂದು ತಿಳಿದಿತ್ತು. ಮತ್ತೊಂದು ಬಂತು. ಇಡೀ ಕುಂಬಳಕಾಯಿ ತಿಂಗಳುಗಟ್ಟಲೆ ಇರುತ್ತದೆ, ಕಡಿದದ್ದು ಎರಡು ದಿನಕ್ಕೆ ಲೋಳೆ ಬಿಡುತ್ತದೆ. ಇದು ಅಲ್ಲಿದ್ದ ಎಲ್ಲರಿಗೂ ತಿಳಿದ ವಿಷಯ. ಅಪ್ಪನಿಗೆ ಎಲ್ಲರಿಗಿಂತ ಹೆಚ್ಚು ತಿಳಿದಿತ್ತು. ಆದರೂ ಈ ವರ್ಷದ ಒಂದು ಕಾಯಿಯನ್ನೂ ಬೇರೆ ಕೈಯ ಕುಡಗೋಲಿಗೆ ಬಿಡುವ ಮನಸ್ಸು ಅವನಿಗಿದ್ದಂತೆ ಕಾಣಲಿಲ್ಲ.

ಕಾಕಾ ಅವ್ವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದ, “ವೈನಿ, ಸಾಕ್ ಅನ್ರಿ ಅವರಿಗೆ. ಅಟ್ಟಕ್ಕ ಒಂದೂ ಉಳಿಯಂಗಿಲ್ಲ.”

“ನೀವ ಅನ್ರಿ,” ಎಂದಳು ಅವ್ವ, ಪಲ್ಯ ತಿರುವುತ್ತ.

ಅವನು ಆಳುಗಳನ್ನು ಊಟಕ್ಕೆ ಕರೆಯಲು ಹೋದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಆಳುಗಳ ಮನೆಗೆ ಒಂದೊಂದು ಹೋಳು, ರಿಕ್ಷಾದವನಿಗೆ ಒಂದು, ನಮ್ಮ ಗಲ್ಲಿಗೆ, ನಾಳೆ ನಸುಕಿನಲ್ಲಿ ಲ್ಯಾಬಿಗೆ ಹೊತ್ತುಕೊಂಡು ಹೋಗಬೇಕಾದದ್ದು ಒಂದು ಚೀಲ. ಬೆನ್ನು ಈಗಲೇ ನೋಯುತ್ತಿತ್ತು. ನಿದ್ದೆ ಆ ದಿನಕ್ಕಂತೂ ಮುಗಿದ ಮಾತು.

ಮಗಳು ದಣಿದು ಬುಟ್ಟಿಯ ಪಕ್ಕ ಕೂತುಬಿಟ್ಟಳು. ಅಪ್ಪ ಎಡಗೈ ಚಾಚಿಕೊಂಡು ಕಾಯುತ್ತಿದ್ದ. ನಾನು ಸೆರಗು ಸಿಕ್ಕಿಸಿಕೊಂಡು ತಿಪ್ಪೆ ಹತ್ತಿ, ಎಲೆ ಸರಿಸಿ, ತೊಟ್ಟು ತಿರುವಿ ಇನ್ನೊಂದು ಕಾಯಿ ತಂದು ಅವನ ಮುಂದಿಟ್ಟೆ.